"ಹಾರಿದಳಂತೆ" ಮತ್ತು "ಹಾರಿದಳು": ಮನೆಯೊಳಗಿನ ಸಾವಿನ ತನಿಖೆ

ಪ್ರಶ್ನೆ: ಸರ್, ನಮ್ಮದು ಕಾಸರಗೋಡು ತಾಲೂಕಿನ ಒಂದು ಹಳ್ಳಿ. 2012ರ ಮಳೆಗಾಲದಲ್ಲಿ ನನ್ನ ಚಿಕ್ಕಮ್ಮ ಗಂಡನ ಮನೆಯ ಬಾವಿಯಲ್ಲಿ ಹೆಣವಾಗಿ ಸಿಕ್ಕಿದರು. ಮದುವೆಯಾಗಿ ಐದು ವರ್ಷ ಆಗಿತ್ತು, ಒಬ್ಬ ಮಗ. ಆತ್ಮಹತ್ಯೆ ಅಂತ ಫೈಲು ಮುಚ್ಚಿತು. "ಯಾರ ಮೇಲೂ ಸಂಶಯ ಇಲ್ಲ" ಅಂತ ನಮ್ಮ ಅಜ್ಜಿಯೇ ಸಹಿ ಹಾಕಿದ್ದಾರಂತೆ. ನಾನು ಆಗ ಏಳನೇ ಕ್ಲಾಸು. ಈಗ ಯೂಟ್ಯೂಬಿನಲ್ಲಿ ಕ್ರೈಂ ಕಥೆ ನೋಡುವಾಗೆಲ್ಲ ಅದೇ ನೆನಪಾಗುತ್ತದೆ. ಅಲ್ಲಿ ಯಾವಾಗಲೂ ಮನೆಯವರೇ ಕೊಲೆಗಾರರು. ನಿಜಕ್ಕೂ ಹಾಗೆಯಾ? ಮನೆಯೊಳಗಿನ ಕೊಲೆಯನ್ನು ಪೊಲೀಸರು ಹೇಗೆ ಕಂಡುಹಿಡಿಯುತ್ತಾರೆ? ಇಷ್ಟು ವರ್ಷದ ಮೇಲೆ ನಾನು ಏನಾದರೂ ಮಾಡಬಹುದಾ? ಅಜ್ಜಿಗೆ ಈಗ ಎಂಬತ್ತೆರಡು.

ಉತ್ತರ: ನಿಮ್ಮ ಪತ್ರ ಓದುತ್ತಾ ಹೋದವನು ಅಜ್ಜಿಯ ಸಹಿಯ ಹತ್ತಿರ ಬಂದು ನಿಂತುಬಿಟ್ಟೆ. ಕೇರಳ ಪೊಲೀಸಿನಲ್ಲಿ ಮೂವತ್ತೊಂದು ವರ್ಷ ಇದ್ದವ ನಾನು. ಜಾಸ್ತಿ ಕಾಲ ಇದೇ ಜಿಲ್ಲೆಯಲ್ಲಿ. "ಯಾರ ಮೇಲೂ ಸಂಶಯ ಇಲ್ಲ" ಎಂಬ ಆ ಸಾಲನ್ನು ಎಷ್ಟು ಜನರ ಕೈಯಲ್ಲಿ ಬರೆಸಿಕೊಂಡಿದ್ದೇನೋ ಲೆಕ್ಕ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಮೊದಲ ಪ್ರಶ್ನೆ.

ಯಾವಾಗಲೂ ಮನೆಯವರೇ ಕೊಲೆಗಾರರಾ? ಇಲ್ಲ. ಆದರೆ ಸತ್ತವರು ಹೆಂಗಸಾದರೆ ಪೊಲೀಸರು ಮೊದಲು ಮನೆಯೊಳಗೆ ನೋಡುವುದಕ್ಕೆ ಕಾರಣ ಇದೆ. ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಸುಮಾರು 85,000 ಹೆಂಗಸರು, ಹುಡುಗಿಯರು ಕೊಲೆಯಾದರು. ಅದರಲ್ಲಿ ಸುಮಾರು 51,100 ಮಂದಿಯನ್ನು ಕೊಂದದ್ದು ಗಂಡ, ಸಂಗಾತಿ ಅಥವಾ ಮನೆಯವರು. ನೂರಕ್ಕೆ ಅರವತ್ತು. ಗಂಡಸರ ಕೊಲೆಯಲ್ಲಿ ಇದು ನೂರಕ್ಕೆ ಹನ್ನೆರಡರಷ್ಟು ಮಾತ್ರ. ಹಾಗಾಗಿ ಸಂಶಯ ಮನೆಯಿಂದ ಶುರುವಾಗುವುದು ಸರಿ. ಮನೆಯಲ್ಲೇ ಮುಗಿದುಬಿಟ್ಟರೆ ತಪ್ಪು.

ಈಗ ಕಷ್ಟದ ವಿಷಯ. ಹೊರಗಿನ ಕಳ್ಳ ಕೊಂದರೆ ಓಡಿಹೋಗುತ್ತಾನೆ. ಮನೆಯವ ಕೊಂದರೆ ಅಲ್ಲೇ ಇರುತ್ತಾನೆ. ಅಷ್ಟೇ ಅಲ್ಲ, ಮೊದಲ ಕೆಲವು ಗಂಟೆ ಎಲ್ಲವೂ ಅವನ ಕೈಯಲ್ಲೇ. ಯಾರಿಗೆ ಫೋನು ಮಾಡಬೇಕು, ನೆಲ ಒರೆಸಬೇಕಾ, ಸೀರೆ ಬದಲಿಸಬೇಕಾ, ನೆರೆಯವರಿಗೆ ಏನು ಹೇಳಬೇಕು, ಎಷ್ಟು ಗಂಟೆಗೆ ಕಟ್ಟಿಗೆ ಒಟ್ಟಬೇಕು, ಎಲ್ಲ. ಮನೆಯೊಳಗೆ ಅವನ ಬೆರಳಚ್ಚು ಸಿಕ್ಕಿದರೆ ಏನು ಬಂತು? ಅವನ ಮನೆ, ಅವನ ಬೆರಳು. ಕೂದಲು ಸಿಕ್ಕಿದರೂ ಅಷ್ಟೇ. ಟಿವಿಯಲ್ಲಿ ತೋರಿಸುವ ಅರ್ಧಕ್ಕರ್ಧ ವಿಜ್ಞಾನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹಾಗಾದರೆ ತನಿಖೆ ಮಾಡುವವ ಏನು ಹಿಡಿಯುತ್ತಾನೆ? ಮನೆಯವರು ಮೊದಲು ಹೇಳಿದ ಕಥೆಯನ್ನು. ಆ ಕಥೆಯನ್ನು ಹೆಣದ ಪಕ್ಕ ಇಟ್ಟು ಎರಡೂ ಒಪ್ಪುತ್ತವಾ ಎಂದು ನೋಡುತ್ತಾನೆ.

ಕೋಳಿಕ್ಕೋಡು ಜಿಲ್ಲೆಯ ಕೂಡತ್ತಾಯಿ ನೆನಪಿದೆಯಲ್ವಾ? ಒಂದೇ ಕುಟುಂಬದ ಬಳಗದಲ್ಲಿ 2002ರಿಂದ 2016ರ ನಡುವೆ ಆರು ಸಾವು. ಮನೆಯ ಸೊಸೆಯೇ ಸಯನೈಡ್ ಕೊಟ್ಟಳು ಎಂಬುದು ಪೊಲೀಸರ ಆರೋಪ. 2019ರಲ್ಲಿ ಬಂಧನ ಆಯಿತು. ಅದರಲ್ಲಿ 2011ರಲ್ಲಿ ಸತ್ತ ಗಂಡನ ಪೋಸ್ಟ್‌ಮಾರ್ಟಂ ಆಗಿತ್ತು, ಸಯನೈಡ್ ಕೂಡ ಸಿಕ್ಕಿತ್ತು. ಆತ್ಮಹತ್ಯೆ ಅಂತ ಫೈಲು ಮುಚ್ಚಿತ್ತು. ವರ್ಷಗಳ ಮೇಲೆ ಸತ್ತವನ ತಮ್ಮ ಆ ಪೋಸ್ಟ್‌ಮಾರ್ಟಂ ವರದಿ ತೆಗೆಸಿಕೊಂಡು ಓದಿದ. ಅಣ್ಣ ಊಟ ಮಾಡಿರಲಿಲ್ಲ, ತಾನು ಆಮ್ಲೆಟ್ ಮಾಡುತ್ತಿದ್ದಾಗ ಬಿದ್ದರು ಎಂದು ಅತ್ತಿಗೆ ಹೇಳಿದ್ದಳು. ವರದಿಯಲ್ಲಿ ನೋಡಿದರೆ ಹೊಟ್ಟೆಯಲ್ಲಿ ಜೀರ್ಣವಾಗದ ಅನ್ನ ಮತ್ತು ಕಡಲೆ ಗಸಿ. ಕೇಸು ಮತ್ತೆ ತೆರೆದುಕೊಳ್ಳಲು ದಾರಿ ಮಾಡಿದ್ದು ಇಂಥ ಒಂದು ತಾಳೆಯಾಗದ ಮಾತು. ವಿಷ ಸಿಕ್ಕಿದ್ದು ಎಂಟು ವರ್ಷ ಮೊದಲೇ ಕಾಗದದಲ್ಲಿತ್ತು. ಯಾರೂ ಕಥೆಯ ಪಕ್ಕ ಇಟ್ಟು ನೋಡಿರಲಿಲ್ಲ, ಅಷ್ಟೆ.

ಕೊಲ್ಲಂ ಜಿಲ್ಲೆಯ ಅಂಚಲ್‌ನ ಹಾವಿನ ಪ್ರಕರಣವೂ ಹಾಗೆಯೇ. 2020ರ ಮಾರ್ಚಿನಲ್ಲಿ ಒಬ್ಬ ಹೆಂಗಸಿಗೆ ಮಂಡಲದ ಹಾವು ಕಚ್ಚಿತು. ಬದುಕಿ, ತವರಿನಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಗ ಮೇ ತಿಂಗಳಲ್ಲಿ ನಾಗರಹಾವು ಕಚ್ಚಿ ಸತ್ತಳು. ನಮ್ಮ ಕಡೆ ಆದರೆ ನಾಗದೋಷ ಎಂದು ಜೋಯಿಸರ ಹತ್ತಿರ ಪ್ರಶ್ನೆ ಇಡಿಸುತ್ತಿದ್ದರು. ಅಲ್ಲಿನ ತನಿಖೆಯವರು ಡಮ್ಮಿಯ ಕೈಗೆ ಕೋಳಿ ಮಾಂಸ ಕಟ್ಟಿ ಜೀವಂತ ನಾಗರಹಾವಿನಿಂದ ಕಚ್ಚಿಸಿ ಅಳೆದರು. ಹಾವು ತಾನಾಗಿ ಕಚ್ಚಿದರೆ ಎರಡು ಹಲ್ಲಿನ ಗುರುತುಗಳ ನಡುವೆ 1.7 ಸೆಂ.ಮೀ. ತಲೆ ಅದುಮಿ ಕಚ್ಚಿಸಿದರೆ ಅಂತರ ಅಗಲವಾಗುತ್ತದೆ. ಸತ್ತವಳ ಕೈ ಮೇಲಿದ್ದದ್ದು 2.3 ಮತ್ತು 2.8 ಸೆಂ.ಮೀ. ಗಂಡನಿಗೆ 2021ರ ಅಕ್ಟೋಬರಿನಲ್ಲಿ ಎರಡು ಜೀವಾವಧಿ ಶಿಕ್ಷೆ ಆಯಿತು.

ನಮ್ಮ ಜಿಲ್ಲೆಯದೇ ಒಂದು ಇದೆ. ವೆಳ್ಳರಿಕುಂಡು ತಾಲೂಕಿನ ಬಳಾಲ್, 2020ರ ಆಗಸ್ಟ್. ಹದಿನಾರು ವರ್ಷದ ಹುಡುಗಿ ಸತ್ತಳು. ಮನೆಯವರು ಕಾಮಾಲೆ ಅಂದುಕೊಂಡಿದ್ದರು. ಐಸ್‌ಕ್ರೀಮಿನಲ್ಲಿ ಇಲಿವಿಷ ಬೆರೆಸಿದ ಎಂಬ ಆರೋಪದಲ್ಲಿ ಪೊಲೀಸರು ಅಣ್ಣನನ್ನು ಬಂಧಿಸಿದರು. ಕೆಲವು ಇಲಿವಿಷ ಪಿತ್ತಕೋಶದ ಪಕ್ಕದ ಯಕೃತ್ತನ್ನೇ ಹಾಳು ಮಾಡುತ್ತದೆ, ಕಣ್ಣು ಹಳದಿಯಾಗುತ್ತದೆ. ನೋಡಿದವರಿಗೆ ಕಾಮಾಲೆಯೇ.

ಈಗ ಬಾವಿ.

ನಮ್ಮ ಊರಿನ ಬಾವಿ ಅಂದರೆ ಮುರಕಲ್ಲು ಕಡಿದು ತೋಡಿದ್ದು. ಮಳೆಗಾಲದಲ್ಲಿ ನೀರು ಮೇಲೆ ಬಂದಿರುತ್ತದೆ, ಗೋಡೆಗೆ ಪಾಚಿ. ಬಾವಿಯ ಹತ್ತಿರ ಹೋದರೆ ನಾನು ಮೊದಲು ಹೆಣ ನೋಡುತ್ತಿರಲಿಲ್ಲ. ಕಟ್ಟೆ ನೋಡುತ್ತಿದ್ದೆ. ಕಟ್ಟೆಯ ಮೇಲಿನ ಪಾಚಿ ಎಲ್ಲಿ ಕಿತ್ತಿದೆ? ಒಬ್ಬರು ಹತ್ತಿ ನಿಂತ ಹಾಗೆ ಪಾದದಷ್ಟಾ, ಅಥವಾ ಉದ್ದಕ್ಕೆ ಉಜ್ಜಿದ ಹಾಗಾ? ಚಪ್ಪಲಿ ಎಲ್ಲಿದೆ? ಜೋಡಿಸಿ ಇಟ್ಟಿದ್ದಾ, ಒಂದು ಇಲ್ಲಿ ಒಂದು ಅಲ್ಲಿ ಬಿದ್ದದ್ದಾ? ಕೊಡಪಾನ ಒಳಗೆ ಇದೆಯಾ ಹೊರಗೆ ಇದೆಯಾ? ಹಗ್ಗ ಒದ್ದೆಯಾ? ಒಮ್ಮೆ ಒಂದು ಮನೆಯಲ್ಲಿ ಬೆಳಿಗ್ಗೆ ನೀರು ಸೇದಲು ಹೋಗಿ ಜಾರಿದಳು ಅಂದರು. ಹಗ್ಗ ಸುರುಳಿ ಸುತ್ತಿ ಮೊಳೆಗೆ ತೂಗುಹಾಕಿತ್ತು, ಒಣಗಿತ್ತು. ಅದರ ಕೆಳಗೆ ತುಂಬಿದ ಎರಡು ಕೊಡಪಾನ, ಮುಚ್ಚಳ ಸಮೇತ. ನೀರು ಸೇದಿ ಆದ ಮೇಲೆ, ಹಗ್ಗ ಸುತ್ತಿಟ್ಟ ಮೇಲೆ, ಒಬ್ಬಳು ನೀರು ಸೇದಲು ಹೇಗೆ ಜಾರುತ್ತಾಳೆ? ನಾನು ಕೇಳಲಿಲ್ಲ. ಫೋಟೋ ತೆಗೆಸಿ ಮಹಜರಿನಲ್ಲಿ ಬರೆಸಿದೆ. ಕೇಳುವುದಕ್ಕೆ ಸಮಯ ಬರುತ್ತದೆ.

ಹೆಣದ ಮೇಲೆ ನೋಡುವುದು ಬೇರೆ. ಜೀವ ಇದ್ದಾಗಲೇ ನೀರಿಗೆ ಬಿದ್ದರೆ ಮೂಗು ಬಾಯಿಯಲ್ಲಿ ಬಿಳಿ ನೊರೆ ಬರುತ್ತದೆ. ಒರೆಸಿದರೆ ಮತ್ತೆ ಬರುತ್ತದೆ. ಕೆಲವೊಮ್ಮೆ ಮುಷ್ಟಿಯಲ್ಲಿ ಪಾಚಿ, ಹುಲ್ಲು ಬಿಗಿಯಾಗಿ ಹಿಡಿದಿರುತ್ತದೆ. ಸತ್ತ ಮೇಲೆ ಹಾಕಿದವರು ಹಾಗೆ ಹಿಡಿಯುವುದಿಲ್ಲ. ಕುತ್ತಿಗೆಯ ಸುತ್ತ ಅಡ್ಡಕ್ಕೆ ಪೂರ್ತಿ ಗೆರೆ ಇದ್ದರೆ ಹಗ್ಗದಿಂದ ಬಿಗಿದ ಸಂಶಯ. ನೇಣಿನ ಗೆರೆ ಸಾಮಾನ್ಯವಾಗಿ ಓರೆಯಾಗಿ ಕಿವಿಯ ಕಡೆಗೆ ಏರುತ್ತದೆ. ತಲೆಗೆ ಗಾಯ ಇದ್ದರೆ ಮುರಕಲ್ಲಿಗೆ ತಾಗಿ ಆದದ್ದೂ ಇರಬಹುದು, ಅದಕ್ಕೆ ಅವಸರ ಮಾಡಬಾರದು. ಆ ಗಾಯದ ಸುತ್ತ ರಕ್ತ ಹೆಪ್ಪುಗಟ್ಟಿದೆಯಾ, ಅಂದರೆ ಜೀವ ಇದ್ದಾಗ ಆದದ್ದಾ ಎಂದು ಡಾಕ್ಟರು ಹೇಳಬೇಕು.

ಡಯಾಟಂ ಪರೀಕ್ಷೆಯ ಬಗ್ಗೆ ನೀವು ವೀಡಿಯೊದಲ್ಲಿ ಕೇಳಿರುತ್ತೀರಿ. ನೀರಲ್ಲಿರುವ ಕಣ್ಣಿಗೆ ಕಾಣದ ಪಾಚಿಜೀವಿ ಅದು. ಜೀವ ಇದ್ದು ಮುಳುಗುವಾಗ ನೀರಿನ ಜೊತೆ ಶ್ವಾಸಕೋಶಕ್ಕೆ ಹೋಗಿ ರಕ್ತದ ಮೂಲಕ ಮೂಳೆಯ ಮಜ್ಜೆಯವರೆಗೆ ತಲುಪುತ್ತದೆ. ಹೋಲಿಸಿ ನೋಡಲು ಅದೇ ಬಾವಿಯ ನೀರಿನ ಮಾದರಿ ಬೇಕು. ಅದನ್ನು ತೆಗೆದಿಡಲು ಮರೆಯುವವರೇ ಜಾಸ್ತಿ. ಇನ್ನೊಂದು, ತಿಳಿನೀರಿನ ಬಾವಿಯಲ್ಲಿ ಡಯಾಟಂ ತೀರಾ ಕಡಿಮೆ ಇರಬಹುದು. ಸಿಗಲಿಲ್ಲ ಅಂದ ಕೂಡಲೇ ಕೊಲೆ ಅಂತ ಕುಣಿಯುವಂತಿಲ್ಲ.

ಇನ್ನು ನಮ್ಮ ಗಡಿಯ ಕಥೆ. ಉಸಿರು ಒಂಚೂರು ಇದ್ದರೂ ನಮ್ಮವರ ಗಾಡಿ ತಲಪಾಡಿ ದಾಟಿ ಮಂಗಳೂರಿಗೆ ಓಡುತ್ತದೆ. ಸಾವು ಒಂದು ರಾಜ್ಯದಲ್ಲಿ, ಘಟನೆ ಇನ್ನೊಂದು ರಾಜ್ಯದಲ್ಲಿ. ಎರಡು ಠಾಣೆ, ಎರಡು ಭಾಷೆ. ಇದರಲ್ಲಿ ಒಂದು ಉಪಕಾರವೂ ಇದೆ. ಕ್ಯಾಶುವಾಲ್ಟಿಯಲ್ಲಿ ಡಾಕ್ಟರು "ಏನಾಯಿತು" ಎಂದು ಕೇಳಿ ಕರೆದುಕೊಂಡು ಬಂದವರು ಹೇಳಿದ್ದನ್ನು ಕೇಸ್‌ಶೀಟಿನಲ್ಲಿ ಬರೆಯುತ್ತಾರೆ. ವಕೀಲರ ಹತ್ತಿರ ಹೋಗುವ ಮೊದಲು, ನೆಂಟರು ಕೂತು ಮಾತಾಡುವ ಮೊದಲು ಬಾಯಿಂದ ಬಿದ್ದ ಮಾತು ಅದು. ನನ್ನ ಮಟ್ಟಿಗೆ ಇಡೀ ಫೈಲಿನಲ್ಲಿ ಆ ಎರಡು ಸಾಲಿಗೆ ಬೆಲೆ ಜಾಸ್ತಿ.

ಭಾಷೆಯ ಮಾತು ಬಂತಲ್ಲ, ಒಂದು ಹೇಳಲೇಬೇಕು. ನಾನು ಹೊಸದಾಗಿ ಎಸ್ಸೈ ಆಗಿದ್ದಾಗಿನ ಸಂಗತಿ. ಇಂಥದೇ ಬಾವಿಯ ಸಾವು. ಪಕ್ಕದ ಮನೆಯ ಹೆಂಗಸು ಕನ್ನಡದಲ್ಲಿ ಹೇಳಿಕೆ ಕೊಟ್ಟರು. ತೆಂಕಣದಿಂದ ವರ್ಗವಾಗಿ ಬಂದಿದ್ದ ರೈಟರು ಕೇಳಿಸಿಕೊಂಡು ಮಲಯಾಳದಲ್ಲಿ ಬರೆದರು. ಸಂಜೆ ಓದಿದೆ. "ಬೆಳಿಗ್ಗೆ ಐದೂವರೆಗೆ ಅವಳು ಬಾವಿಗೆ ಹಾರಿದಳು" ಅಂತ ಇತ್ತು. ಮರುದಿನ ಆ ಮನೆಯ ಜಗಲಿಯಲ್ಲಿ ಕೂತು "ನೀವು ಕಂಡಿರಾ ಅಕ್ಕ?" ಎಂದು ಕೇಳಿದೆ. ಅಡಿಕೆ ಸುಲಿಯುತ್ತಿದ್ದವರು ತಲೆ ಎತ್ತಿದರು. "ಅಯ್ಯೋ ನಾನೆಲ್ಲಿ ಕಂಡದ್ದು! ಹಾರಿದಳಂತೆ ಅಂದೆ. ಅವಳ ಅತ್ತೆ ಹೇಳಿದ್ದು." ಒಂದು "ಅಂತೆ" ಬಿದ್ದುಹೋಗಿತ್ತು. ಅಷ್ಟರಲ್ಲಿ ಕೇಳಿದ ಮಾತು ಕಂಡ ಸಾಕ್ಷಿಯಾಗಿ ಕೂತಿತ್ತು. ತುಳುವಿನವರು "ಅಂತೆ" ಎಂಬುದಕ್ಕೆ ಹೇಳುವ "ಗೆ" ಕೂಡ ಹೀಗೇ ಬಿದ್ದುಹೋಗುತ್ತದೆ. ನಾಲ್ಕು ಮನೆಯವರ ಹೇಳಿಕೆ ತೆಗೆದರೆ ನಾಲ್ಕರಲ್ಲೂ "ಹಾರಿದಳು". ನಾಲ್ಕು ಸಾಕ್ಷಿ ಇದೆ ಎಂದು ಕಾಣುತ್ತದೆ. ಎಲ್ಲರೂ ಕೇಳಿದ್ದು ಒಂದೇ ಬಾಯಿಂದ.

ನಿಮ್ಮ ಚಿಕ್ಕಮ್ಮನ ಫೈಲು ಸಿಕ್ಕಿದರೆ ಈ ಕಣ್ಣಿಟ್ಟು ಓದಿ. ಯಾರು ಕಂಡದ್ದು, ಯಾರು ಕೇಳಿದ್ದು. ಪೆನ್ಸಿಲಿನಲ್ಲಿ ಗುರುತು ಹಾಕಿ.

ಕಾನೂನಿನ ಕಡೆ ಬರುತ್ತೇನೆ, ಉದ್ದ ಮಾಡುವುದಿಲ್ಲ. ನಾಲ್ಕು ಗೋಡೆಯ ಒಳಗೆ ಆದ ಸಾವಿಗೆ ಮನೆಯಲ್ಲಿದ್ದವರು ವಿವರಣೆ ಕೊಡಬೇಕು ಎಂದು ಸುಪ್ರೀಂ ಕೋರ್ಟು 2006ರಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಹೇಳಿತು. ಅಲ್ಲೂ ಹೆಂಡತಿ ಹಾವು ಕಚ್ಚಿ ಸತ್ತಳು ಅಂದಿದ್ದರು, ಪೋಸ್ಟ್‌ಮಾರ್ಟಂನಲ್ಲಿ ಕುತ್ತಿಗೆ ಒತ್ತಿದ್ದು ಕಂಡಿತು. ಆದರೆ ಮನೆಯಲ್ಲಿದ್ದ ಎಂಬ ಒಂದೇ ಕಾರಣಕ್ಕೆ ಶಿಕ್ಷೆ ಇಲ್ಲ. ಮೊದಲು ಪೊಲೀಸರು ತಮ್ಮ ಪಾಲಿನದ್ದನ್ನು ಸಾಬೀತು ಮಾಡಬೇಕು, ಆಮೇಲೆಯೇ ಅವನು ಬಾಯಿಬಿಡಬೇಕಾದದ್ದು. 1984ರಲ್ಲಿ ಪುಣೆಯ ಇನ್ನೊಂದು ಪ್ರಕರಣ. ಹೆಂಡತಿ ಸಯನೈಡಿನಿಂದ ಸತ್ತಿದ್ದಳು. ಗಂಡನಿಗೆ ಕೆಳಗಿನ ಕೋರ್ಟು ಕೊಟ್ಟ ಮರಣದಂಡನೆಯನ್ನು ಹೈಕೋರ್ಟು ಒಪ್ಪಿತ್ತು. ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಸಾಂದರ್ಭಿಕ ಸಾಕ್ಷ್ಯದ ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಬಾರದು ಎಂದು ಈಗಲೂ ವಕೀಲರು ಓದಿ ಹೇಳುವುದು ಅದೇ ತೀರ್ಪನ್ನು.

ಕ್ರೈಂ ವೀಡಿಯೊದವರು ಹೇಳದ ಇನ್ನೊಂದು ಪ್ರಕರಣ ನೋಯಿಡಾದ್ದು. ಹೇಳುತ್ತಾರೆ, ಆದರೆ ಅವರು ಹೇಳುವುದು ಬೇರೆ ಕಾರಣಕ್ಕೆ. 2008ರಲ್ಲಿ ಹುಡುಗಿಯ ಕೊಲೆಯಾಯಿತು. ಮೊದಲ ದಿನ ಮನೆಯೊಳಗೆ ಜನವೋ ಜನ. ಕಾಣೆಯಾದ ಕೆಲಸದವನೇ ಕೊಂದ ಎಂದರು. ಮರುದಿನ ಅದೇ ಮನೆಯ ಮಹಡಿಯ ಮೇಲೆ ಅವನ ಹೆಣ ಸಿಕ್ಕಿತು. ಬಾಗಿಲು ತೆಗೆದು ನೋಡಿರಲಿಲ್ಲ. ಆಮೇಲೆ ಸಂಶಯ ಹುಡುಗಿಯ ತಂದೆತಾಯಿ ಕಡೆ ತಿರುಗಿತು. 2013ರಲ್ಲಿ ಶಿಕ್ಷೆ, 2017ರಲ್ಲಿ ಅಲಹಾಬಾದ್ ಹೈಕೋರ್ಟಿನಲ್ಲಿ ಬಿಡುಗಡೆ. ಮೊದಲ ದಿನ ಕೆಟ್ಟ ಕೇಸನ್ನು ಹತ್ತು ವರ್ಷದಲ್ಲಿ ಯಾರೂ ರಿಪೇರಿ ಮಾಡಲಾಗಲಿಲ್ಲ.

ಇದನ್ನು ಹೇಳಿದ್ದು ನಿಮಗಾಗಿಯೇ. ನಿಮ್ಮ ಚಿಕ್ಕಪ್ಪನೇ ಕೊಂದದ್ದು ಎಂದು ಮೊದಲೇ ಗಟ್ಟಿ ಮಾಡಿಕೊಂಡು ಹೊರಡಬೇಡಿ. ಆತ್ಮಹತ್ಯೆಯೇ ಆಗಿದ್ದಿರಬಹುದು. ಹಾಗಿದ್ದರೂ ಅದರ ಹಿಂದೆ ಹಿಂಸೆ ಇತ್ತಾ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಕಲಮು ಇದೆ.

ಈಗ ಏನು ಮಾಡಬಹುದು? ಕೊಲೆಗೆ ಕಾಲಮಿತಿ ಇಲ್ಲ. 2012ರ ಘಟನೆಯಾದ್ದರಿಂದ ಅಪರಾಧಕ್ಕೆ ಹಳೆಯ ಐಪಿಸಿಯೇ ಅನ್ವಯ. ಮದುವೆಯಾಗಿ ಏಳು ವರ್ಷದ ಒಳಗೆ ಹೆಂಗಸು ಹೀಗೆ ಸತ್ತರೆ ಪೋಸ್ಟ್‌ಮಾರ್ಟಂ ಆಗಬೇಕು, ತಹಶೀಲ್ದಾರ್ ಅಥವಾ ಆರ್‌ಡಿಒ (ಕಂದಾಯ ವಿಭಾಗದ ಅಧಿಕಾರಿ) ಮಟ್ಟದವರು ಬಂದು ಇನ್‌ಕ್ವೆಸ್ಟ್, ಅಂದರೆ ಹೆಣದ ಮಹಜರು ನಡೆಸುವುದು ಕ್ರಮ. ನಿಮ್ಮ ಚಿಕ್ಕಮ್ಮನದ್ದು ಐದನೇ ವರ್ಷ. ಹಾಗಾಗಿ ಕಾಗದ ಎರಡು ಕಡೆ ಇರಬೇಕು, ಠಾಣೆಯಲ್ಲಿ ಮತ್ತು ಆರ್‌ಡಿಒ ಕಚೇರಿಯಲ್ಲಿ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿ ನಾಲ್ಕು ಕಾಗದ ಕೇಳಿ: ಅಸಹಜ ಸಾವಿನ ಎಫ್‌ಐಆರ್, ಇನ್‌ಕ್ವೆಸ್ಟ್ ವರದಿ, ಪೋಸ್ಟ್‌ಮಾರ್ಟಂ ಸರ್ಟಿಫಿಕೇಟು, ಕೊನೆಯ ವರದಿ. ಒಳಾಂಗ ಪರೀಕ್ಷೆಗೆ ಕಳಿಸಿದ್ದರೆ ಅದರ ಫಲಿತಾಂಶವನ್ನೂ ಕೇಳಿ. ಅರ್ಜಿಯನ್ನು ಅಜ್ಜಿಯ ಹೆಸರಲ್ಲಿ ಹಾಕಿದರೆ ಒಳ್ಳೆಯದು. ತಾಯಿ ಕೇಳಿದರೆ ಕಚೇರಿಯವರು ಬಾಯಿ ಮಾತಿನಲ್ಲಿ ಅಟ್ಟುವುದು ಕಷ್ಟ.

ಚಿತೆಗೆ ಕೊಟ್ಟಾಗಿದೆ ಎಂದು ತಿಳಿದುಕೊಳ್ಳುತ್ತೇನೆ. ಹೂಳುವವರ ಮನೆಯಾದರೆ ಗೋರಿ ತೆಗೆದು ನೋಡಬಹುದು, ಕೂಡತ್ತಾಯಿಯಲ್ಲಿ ಹಾಗೆಯೇ ಮಾಡಿದರು. ಬೂದಿಯಲ್ಲಿ ಏನೂ ಇಲ್ಲ. ಆದರೆ ಪೋಸ್ಟ್‌ಮಾರ್ಟಂ ಕಾಗದ ಮತ್ತು ಫೋಟೋ ಇದ್ದರೆ ಇನ್ನೊಬ್ಬ ಫೊರೆನ್ಸಿಕ್ ಡಾಕ್ಟರಿಂದ ಅಭಿಪ್ರಾಯ ಪಡೆಯಬಹುದು. ಕುತ್ತಿಗೆಯ ಬಗ್ಗೆ ಏನು ಬರೆದಿದ್ದಾರೆ, ನೊರೆಯ ಬಗ್ಗೆ ಏನಾದರೂ ಇದೆಯಾ, ಹೊಟ್ಟೆಯಲ್ಲಿ ಏನಿತ್ತು ಎಂದು ನೋಡಿ. ಬೆಳಗಿನ ಜಾವ ಹಾರಿದಳು ಎಂದವರ ಕಥೆಗೆ ಹೊಟ್ಟೆಯ ಊಟ ಒಪ್ಪುತ್ತದಾ? ತಾಳೆಯಾಗದ್ದು ಸಿಕ್ಕಿದರೆ ವಕೀಲರ ಮೂಲಕ ಎಸ್‌ಪಿಗೆ ದೂರು ಕೊಡಿ. ಅಲ್ಲಿ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಕಾಗದ ನಾಶವಾಗಿದೆ ಎಂದು ಉತ್ತರ ಬಂದರೂ ಬರಬಹುದು. ಆಗ ಅದನ್ನು ಬರಹದಲ್ಲಿ ಕೊಡಲು ಹೇಳಿ.

ದಯವಿಟ್ಟು ವೀಡಿಯೊ ಮಾಡಬೇಡಿ. ಊರವರ ಹತ್ತಿರ "ಚಿಕ್ಕಪ್ಪ ಹೊಡೀತಿದ್ರಲ್ವಾ?" ಎಂದು ಕೇಳಿಕೊಂಡು ತಿರುಗಬೇಡಿ. ಹಾಗೆ ಕೇಳಿದರೆ ಮುಂದೆ ಕೋರ್ಟಿನಲ್ಲಿ ಅವರು ಹೇಳುವುದು ನಿಮ್ಮ ಮಾತನ್ನೇ. ಚಿಕ್ಕಮ್ಮನ ಮಗನೂ ಇದ್ದಾನಲ್ಲ. ಅವನಿಗೆ ಈಗ ಹದಿನೆಂಟರ ಆಸುಪಾಸು ಇರಬಹುದು. ಅವನ ಕಿವಿಗೆ ಇದು ಮೊಬೈಲಿನಿಂದ ಬೀಳಬಾರದು.

ಕೊನೆಗೆ ಅಜ್ಜಿಯ ಸಹಿ. ಅದು ಕೇಸಿಗೆ ಹಾಕಿದ ಬೀಗ ಅಲ್ಲ. ಸಂಶಯ ಇಲ್ಲ ಎಂದು ಬರೆದುಕೊಟ್ಟವರು ಆಮೇಲೆ ದೂರು ಕೊಡಬಾರದು ಎಂದು ಎಲ್ಲೂ ಇಲ್ಲ. ಆ ಹೊತ್ತಿಗೆ ಅಂಗಳದಲ್ಲಿ ಮಗಳ ಹೆಣ, ಸುತ್ತ ಅಳಿಯನ ಕಡೆಯವರು, ಮಡಿಲಲ್ಲಿ ಸಣ್ಣ ಮಗು. ಆ ಮಗು ನಾಳೆ ಅದೇ ಮನೆಯಲ್ಲಿ ಬೆಳೆಯಬೇಕು. ಹೀಗೆ ಯೋಚಿಸಿ ಸಹಿ ಹಾಕಿದ ತಾಯಂದಿರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪೆನ್ನು ಕೊಟ್ಟವನೂ ನಾನೇ. ಎಷ್ಟೋ ಸಲ ಕಾಗದ ಮಲಯಾಳದಲ್ಲಿರುತ್ತಿತ್ತು, ಸಹಿ ಕನ್ನಡದಲ್ಲಿ. ಓದಿ ಹೇಳಿದ್ದೇವೆ ಎಂದು ಕೆಳಗೆ ಬರೆದಿರುತ್ತದೆ. ಓದಿ ಹೇಳಿದ್ದರಾ ಎಂದು ಅಜ್ಜಿಯ ಹತ್ತಿರ ಕೇಳಿ. "ಯಾಕೆ ಸಹಿ ಹಾಕಿದ್ದು?" ಎಂದು ಮಾತ್ರ ಕೇಳಬೇಡಿ. "ಆ ದಿನ ಬೆಳಿಗ್ಗೆ ನಿಮಗೆ ಯಾರು ಬಂದು ಹೇಳಿದ್ದು?" ಎಂದು ಶುರು ಮಾಡಿ. ಆಮೇಲೆ ಸುಮ್ನೆ ಕೂತು ಕೇಳಿ. ಅವರು ಯಾವ ಭಾಷೆಯಲ್ಲಿ ಹೇಳುತ್ತಾರೋ ಅದೇ ಭಾಷೆಯಲ್ಲಿ, "ಅಂತೆ" ಸಮೇತ, ತಾರೀಕು ಹಾಕಿ ಬರೆದುಕೊಳ್ಳಿ.

ಮಾಹಿತಿ ಹಕ್ಕಿನ ಉತ್ತರಕ್ಕೆ ಮೂವತ್ತು ದಿನ ಕಾಯಬೇಕು. ಅಜ್ಜಿಯ ಹತ್ತಿರ ಈ ಭಾನುವಾರವೇ ಹೋಗಿ.